ಹಾರ್ಡ್‌ವಿಕ್ ಹಾಲ್‌ಗೆ ಅಷ್ಟು ಗಾಜು ಬೇಕಿತ್ತಾ?

ಮಲೆನಾಡಿಗ77: ಇಂಗ್ಲೆಂಡಿನ ಡಾರ್ಬಿಶೈರ್‌ನಲ್ಲಿರೋ ಹಾರ್ಡ್‌ವಿಕ್ ಹಾಲ್ ಅನ್ನೋ ದೊಡ್ಡ ಬಂಗಲೆ ಫೋಟೋ ನೋಡಿ ಕೇಳ್ತಿದೀನಿ. 1590ರಿಂದ 1597ರೊಳಗೆ ಕಟ್ಟಿದ್ದು, ಎಲ್ರೂ ಹೊಗಳ್ತಾರೆ, ನನಗೆ ಮಾತ್ರ ಬರೀ ದುಡ್ಡಿನ ಪ್ರದರ್ಶನ ಅನ್ಸುತ್ತೆ. ಗಾಜು ಭಾರಿ ದುಬಾರಿ ಆಗಿದ್ದ ಕಾಲದಲ್ಲಿ ಚಳಿ ಹೊಡೆಯೋ ಗುಡ್ಡದ ಮೇಲೆ ಗೋಡೆ ತುಂಬ ಕಿಟಕಿ, ಸಾಲ್ದು ಅಂತ ಗೋಪುರಗಳ ತಲೆ ಮೇಲೆ ಇ, ಎಸ್ ಅಂತ ತನ್ನ ಹೆಸರಿನ ಅಕ್ಷರ ಕಲ್ಲಲ್ಲಿ ಕಡೆಸಿದ್ದಾಳೆ ಮನೆಯೊಡತಿ ಎಲಿಜಬೆತ್, ಶ್ರೂಸ್‌ಬರಿಯ ಕೌಂಟೆಸ್, ಅಂದ್ರೆ ಶ್ರೀಮಂತ ಮನೆತನದ ಬಿರುದಿನ ಹೆಂಗಸು. ಬದುಕೋಕೆ ಕಟ್ಟಿದ ಮನೆನಾ ಇದು?

ಕಡಲತೀರ_ಶ್ರೀ: ಮೆರೆಸ್ಲಿಕ್ಕೆ ಕಟ್ಟಿದ್ದು ಹೌದು ಮಾರಾಯ್ರೆ, ಆದ್ರೆ ಅಷ್ಟಕ್ಕೇ ನಿಲ್ಲಿಸಿದ್ರೆ ಆ ಕಲ್ಲು ಕೆಲಸಕ್ಕೆ ಅನ್ಯಾಯ. ಅಷ್ಟು ದೊಡ್ಡ ಕಿಟಕಿ ಇಟ್ಟ ಮೇಲೆ ಭಾರ ಹೊರೋದು ಯಾರು ಅಂತ ಯೋಚಿಸಿ. ಮನೆ ನಡುವೆ ದಪ್ಪ ಗೋಡೆ ಎಬ್ಬಿಸಿ ಬೆಂಕಿಗೂಡಿನ ಹೊಗೆ ಹೋಗುವ ಚಿಮಣಿಗಳನ್ನ ಹೆಚ್ಚಾಗಿ ಅದ್ರೊಳಗೇ ಸೇರಿಸಿದ್ದಾರೆ, ಅದಕ್ಕೇ ಹೊರಗೋಡೆ ಕಿಟಕಿಗೆ ಬಿಡುವಾಯ್ತು. ಮತ್ತೆ ಮಹಡಿ ಏರಿದ ಹಾಗೆ ಕಿಟಕಿ ಎತ್ತರ ಆಗ್ತಾ ಹೋಗ್ತದೆ, ಯಾಕಂದ್ರೆ ಅತಿಥಿಗಳನ್ನ ಕರ್ಕೊಂಡು ಹೋಗುವ ದರ್ಬಾರಿನ ಕೋಣೆಗಳು ಎಲ್ಲಕ್ಕಿಂತ ಮೇಲೆ, ಆಕೆ ಸ್ವಂತ ಕೋಣೆಗಳು ನಡು ಮಹಡಿಯಲ್ಲಿ. ಒಳಗಿನ ಬದುಕು ಹ್ಯಾಗಿತ್ತು ಅಂತ ಹೊರಗೆ ನಿಂತೇ ಓದ್ಬಹುದು.

ನಾಟಿಂಗ್‌ಹ್ಯಾಮ್_ಕನ್ನಡಿಗ: ಶ್ರೀ ಹೇಳಿದ್ದು ಸರಿ. ನಾನಿರೋ ಊರಲ್ಲೇ ವೊಲಾಟನ್ ಹಾಲ್ ಇದೆ, 1580ರ ದಶಕದ್ದು, ವಾಸ್ತುಶಿಲ್ಪಿ ರಾಬರ್ಟ್ ಸ್ಮಿತ್‌ಸನ್ ಕೆಲಸ, ಹಾರ್ಡ್‌ವಿಕ್ ಕೂಡ ಅವನದ್ದೇ ವಿನ್ಯಾಸ ಅಂತಾರೆ. ವೊಲಾಟನ್ ಮೈತುಂಬ ಕೆತ್ತನೆ, ಹಾರ್ಡ್‌ವಿಕ್‌ನಲ್ಲಿ ಅದನ್ನೆಲ್ಲ ಬಿಟ್ಟು ಬರೀ ಕಲ್ಲು, ಗಾಜು, ಅಳತೆ. ನನಗೆ ಇದೇ ಮೇಲು. ಇನ್ನೊಂದು, ಹಳೇ ಇಂಗ್ಲಿಷ್ ಮನೆಗಳಲ್ಲಿ ಹಾಲ್, ಅಂದ್ರೆ ದೊಡ್ಡ ಪಡಸಾಲೆ, ಮುಂಭಾಗದ ಉದ್ದಕ್ಕೆ ಇರ್ತಿತ್ತು, ಒಂದು ಮೂಲೆಯಿಂದ ಒಳಗೆ ಹೋಗ್ಬೇಕು. ಇಲ್ಲಿ ಅದನ್ನ ಅಡ್ಡ ತಿರುಗಿಸಿ ಮನೆ ಮಧ್ಯಕ್ಕೆ ಹಾಕಿದ್ರು, ಬಾಗಿಲು ದಾಟಿದ್ರೆ ನೇರ ಆ ಪಡಸಾಲೆಗೇ. ಹೊರಗಿನ ಸಮಮಿತಿ ಹಾಗಾಗಿ ಒಳಗೂ ಬಂತು.

ಮಲೆನಾಡಿಗ77: ಚಿಮಣಿ ಮಾತು ಒಪ್ಪಿದೆ ಶ್ರೀ ಅವರೇ, ಒಳ್ಳೆ ಲೆಕ್ಕಾಚಾರ. ಆದ್ರೆ ಸಮಮಿತಿಗೋಸ್ಕರ ಕೆಲವು ಕಿಟಕಿಗಳ ಹಿಂದೆ ಬರೀ ಗೋಡೆ ಇದೆಯಲ್ಲ, ಅದಕ್ಕೇನಂತೀರಿ? ನೋಡೋರಿಗೆ ಕಿಟಕಿ, ಇರೋರಿಗೆ ಕತ್ತಲೆ.

ಧಾರವಾಡದಾಂವ: ಎಲ್ಲಾರೂ ಕೌಂಟೆಸ್ಸು, ಸ್ಮಿತ್‌ಸನ್ನು ಅಂತೀರಿ, ಕಲ್ಲು ಒಡದಾವ್ರ ಹೆಸರು ಯಾರೂ ತಗೀಲಿಲ್ಲ. ಮರಳುಗಲ್ಲು ಆ ಗುಡ್ಡದ್ದs, ಮನಿ ಕೆಳಗಿನ ಕ್ವಾರಿಯಿಂದ ತಂದದ್ದು. ಕೂಲಿ ಲೆಕ್ಕದ ಪುಸ್ತಕ ಇನ್ನೂ ಉಳದಾವ, ಅದನ್ನ ಓದ್ಲಿಕ್ಕೇ ಬೇಕು. ಪಕ್ಕದಾಗ ಆಕಿದs ಹಳೇ ಹಾರ್ಡ್‌ವಿಕ್ ಹಾಲ್ ಪಾಳು ಬಿದ್ದೈತಿ ನೋಡ್ರಿ, ಅದು ಮುಗಿಯೂದ್ರಾಗ ಇದನ್ನ ಸುರು ಮಾಡ್ಯಾಳ. ಒಮ್ಮೆ ಒಂದು, ಇನ್ನೊಮ್ಮೆ ಒಂದು ಅಂತ ಸೇರಿಸಿ ಕಟ್ಟಿದ ಮನಿ ಅದು, ಇದು ಒಂದs ಏಟಿಗೆ ಯೋಚನಾ ಮಾಡಿದ್ದು.

ಕಡಲತೀರ_ಶ್ರೀ: ಕುರುಡು ಕಿಟಕಿ ತಪ್ಪೇ, ವಾದ ಮಾಡುದಿಲ್ಲ. ಆದ್ರೆ ಮೇಲಿನ ಲಾಂಗ್ ಗ್ಯಾಲರಿ ಅನ್ನುವ ಉದ್ದನೆ ಕೋಣೆ, ಸುಮಾರು 50 ಮೀಟರ್ ಉದ್ದ, ಅಲ್ಲಿ ಬೆಳಕಿಗೆ ಕೊರತೆ ಇಲ್ಲವಲ್ಲ.

ನಾಟಿಂಗ್‌ಹ್ಯಾಮ್_ಕನ್ನಡಿಗ: ಕೊರತೆ ಈಗ ಇದೆ. ಟೇಪೆಸ್ಟ್ರಿ, ಅಂದ್ರೆ ಗೋಡೆಗೆ ತೂಗುಹಾಕೋ ಚಿತ್ರದ ನೇಯ್ಗೆ, ಅದರ ಬಣ್ಣ ಮಾಸಬಾರ್ದು ಅಂತ ಮನೆ ನೋಡ್ಕೊಳ್ಳೋ ಸಂಸ್ಥೆ ನ್ಯಾಷನಲ್ ಟ್ರಸ್ಟ್‌ನವರು ಬೆಳಕು ತಡೆದಿರ್ತಾರೆ. ಬಟ್ಟೆ ಉಳಿಸ್ಬೇಕು ನಿಜ, ಆದ್ರೆ ಕಟ್ಟಿದ್ದೇ ಬೆಳಕಿಗೆ ಅಲ್ವಾ, ಟೇಪೆಸ್ಟ್ರಿ ತೆಗೆದಿಟ್ಟು ಒಂದೇ ಒಂದು ಕೋಣೆನಾದ್ರೂ ಪೂರ್ತಿ ತೆರೆದು ತೋರಿಸ್ಲಿ.