ಎರಡು ಗೀಸರ್, ಒಂದೇ ವೈರ್: 16 ಆಂಪ್ಸ್ ಎಂಸಿಬಿ ಬೀಳುತ್ತಿತ್ತು, 32 ಹಾಕಿದ ಮೇಲೆ ಸುಟ್ಟ ವಾಸನೆ

ಪ್ರಶ್ನೆ (ತುಮಕೂರು)

ನಮ್ಮದು 2006ರಲ್ಲಿ ಕಟ್ಟಿದ ಮನೆ. ಕೆಳಗೆ ಅತ್ತೆ ಮಾವ, ಮೇಲೆ ನಾವು. ಕೆಳಗಿನ ಬಚ್ಚಲಲ್ಲಿ 3 ಕಿಲೋವ್ಯಾಟ್ ಇನ್‌ಸ್ಟಂಟ್ ಗೀಸರ್, ಮೇಲೆ 2 ಕಿಲೋವ್ಯಾಟ್, 25 ಲೀಟರಿನದು. ಯಾವುದಾದರೂ ಒಂದನ್ನು ಹಾಕಿದರೆ ಏನೂ ತೊಂದರೆ ಇಲ್ಲ. ಎರಡೂ ಹಾಕಿದರೆ ಹತ್ತು ಹದಿನೈದು ನಿಮಿಷಕ್ಕೆ ಎಂಸಿಬಿ (ಕರೆಂಟ್ ಜಾಸ್ತಿಯಾದರೆ ತಾನೇ ಆಫ್ ಆಗುವ ಸ್ವಿಚ್) ಬೀಳುತ್ತಿತ್ತು. ನರಕ ಚತುರ್ದಶಿ ದಿನ ಬೆಳಿಗ್ಗೆ ಎಲ್ಲರದೂ ಎಣ್ಣೆ ಸ್ನಾನ, ಮೂರು ಸಲ ಬಿತ್ತು. ಹಂಡೆ ಒಲೆ ತೆಗೆಸಬೇಡಿ ಎಂದು ಆವತ್ತೇ ಹೇಳಿದ್ದೆ ಎಂದು ಅತ್ತೆ ಇನ್ನೂ ಹೇಳುತ್ತಿದ್ದಾರೆ.

ಎಲೆಕ್ಟ್ರಿಷಿಯನ್ ಬಂದು 16 ಆಂಪ್ಸ್ ತೆಗೆದು 32 ಹಾಕಿ ಹೋದರು. ಈಗ ಬೀಳುವುದಿಲ್ಲ. ಆದರೆ ನಾಲ್ಕು ದಿನದಿಂದ ಕೆಳಗಿನ ಬಚ್ಚಲ ಹತ್ತಿರ ಸುಟ್ಟ ಪ್ಲಾಸ್ಟಿಕ್ ವಾಸನೆ. ಸಾಕೆಟ್ ಮುಟ್ಟಿದರೆ ಬಿಸಿ. ವೈರ್ ಎಷ್ಟು ದಪ್ಪದ್ದು ಬೇಕು, ಯಾವ ಎಂಸಿಬಿ ಸರಿ?

ಉತ್ತರ (ವೈರಿಂಗ್ ಕಾಂಟ್ರಾಕ್ಟರ್, ಶಿವಮೊಗ್ಗ)

ಮೇಡಂ, ಮೊದಲು ಆ 32ರ ಎಂಸಿಬಿ ಆಫ್ ಮಾಡಿ. ಇದು ಸರಿಯಾಗುವವರೆಗೆ ಒಲೆ ಮೇಲೆ ನೀರು ಕಾಯಿಸಿಕೊಳ್ಳಿ.

ಲೆಕ್ಕ ಸುಲಭ. ವ್ಯಾಟನ್ನು 230ರಿಂದ ಭಾಗಿಸಿ. 3000ಕ್ಕೆ 13 ಆಂಪ್ಸ್, 2000ಕ್ಕೆ 8.7. ಎರಡೂ ಸೇರಿ 21.7. ನಿಮ್ಮ 16ರ ಎಂಸಿಬಿ ಕೆಟ್ಟಿರಲಿಲ್ಲ. 16ರದ್ದು 18 ಆಂಪ್ಸ್‌ವರೆಗೆ ಗಂಟೆಗಟ್ಟಲೆ ಸುಮ್ನೆ ಇರುತ್ತದೆ, 23 ದಾಟಿದರೆ ಗಂಟೆಯೊಳಗೆ ಬೀಳಲೇಬೇಕು. ನಿಮ್ಮದು ಅವೆರಡರ ಮಧ್ಯೆ ಇದೆ. ಅದಕ್ಕೇ ತಕ್ಷಣ ಬೀಳದೆ, ಒಳಗಿನ ಪಟ್ಟಿ ಕಾದ ಮೇಲೆ ಬೀಳುತ್ತಿತ್ತು.

ಎಂಸಿಬಿ ಇರುವುದು ಗೀಸರನ್ನು ಕಾಯಲು ಅಲ್ಲ, ಗೋಡೆಯೊಳಗಿನ ವೈರನ್ನು ಕಾಯಲು. 2.5 ಸ್ಕ್ವೇರ್ ಎಂಎಂ ತಾಮ್ರದ ವೈರ್ ಪೈಪಿನೊಳಗೆ 20 ಆಂಪ್ಸ್ ಆಸುಪಾಸು ತಡೆಯುತ್ತದೆ. ಅದೇ ಪೈಪಿಗೆ ಇನ್ನೂ ನಾಲ್ಕು ಲೈನ್ ತುರುಕಿದ್ದರೆ ಅಷ್ಟೂ ಇಲ್ಲ. 32ರ ಎಂಸಿಬಿಯಂತೂ 36 ಆಂಪ್ಸ್ ಹೋದರೂ ಒಂದು ಗಂಟೆ ಕದಲುವುದಿಲ್ಲ. ಅಂದರೆ ಈಗ ನಿಮ್ಮ ಮನೆಯಲ್ಲಿ ಮೊದಲು ಸುಡುವುದು ವೈರ್.

ಮೂರು ವಿಷಯ ಹೇಳಿ: ವೈರಿನ ಮೈಮೇಲೆ ಏನು ಅಚ್ಚಾಗಿದೆ? ಮೇಲಿನ ಗೀಸರಿಗೆ ಲೈನ್ ಎಲ್ಲಿಂದ ಹೋಗಿದೆ? ಡಿಬಿಯಲ್ಲಿ (ಎಂಸಿಬಿಗಳಿರುವ ಡಬ್ಬಿ) ಆರ್‌ಸಿಸಿಬಿ (ಕರೆಂಟ್ ಸೋರಿದರೆ ಬೀಳುವ ಸ್ವಿಚ್) ಇದೆಯಾ, ಇದ್ದರೆ ಎಷ್ಟು ಮಿಲಿ ಆಂಪ್ಸಿನದು?

ಇನ್ನೊಬ್ಬರು

ನಮ್ಮ ಮನೆಯಲ್ಲೂ ಗೀಸರಿಗೆ 32ರದ್ದೇ ಇರುವುದು. ಎಂಟು ವರ್ಷ ಆಯಿತು, ಏನೂ ಆಗಿಲ್ಲ. ಸುಮ್ನೆ ಹೆದರಿಸಬೇಡಿ ಸರ್.

ಉತ್ತರ (ಶಿವಮೊಗ್ಗ)

ನಿಮ್ಮದು ಒಂದೇ ಗೀಸರ್ ಇರಬೇಕು ಸರ್. ಆ ವೈರಿಗೆ 13ಕ್ಕಿಂತ ಜಾಸ್ತಿ ಕರೆಂಟ್ ಬಂದೇ ಇಲ್ಲ, ಹಾಗಾಗಿ ಎಂಸಿಬಿಗೆ ಕೆಲಸವೇ ಬಿದ್ದಿಲ್ಲ. ಅದೇ ಲೈನಿಗೆ ನಾಳೆ ಯಾರಾದರೂ ವಾಷಿಂಗ್ ಮೆಷಿನ್ ಸೇರಿಸಿದರೆ ಗೊತ್ತಾಗುತ್ತದೆ.

ಪ್ರಶ್ನೆ ಕೇಳಿದವರು

ನಮ್ಮ ಯಜಮಾನರು ಮೇನ್ ಆಫ್ ಮಾಡಿ, ಟೆಸ್ಟ್ ಲ್ಯಾಂಪ್ ಹಿಡಿದು ನೋಡಿ, ಆಮೇಲೆ ಸಾಕೆಟ್ ಬಿಚ್ಚಿದರು. ವೈರ್ ಮೇಲೆ 2.5 ಎಂದೂ ಐಎಸ್ 694 (ವೈರಿನ ಭಾರತೀಯ ಮಾನದಂಡ) ಎಂದೂ ಇದೆ. ಮೇಲಕ್ಕೆ ಬೇರೆ ಲೈನ್ ಇಲ್ಲ. ಕೆಳಗಿನ ಸಾಕೆಟ್ಟಿಗೆ ಬಂದ ವೈರನ್ನೇ ಅಲ್ಲಿಂದ ಲೂಪ್ ಮಾಡಿ ಮೇಲೆ ಒಯ್ದಿದ್ದಾರೆ. ಫೇಸ್ ಕಡೆ ಒಂದೇ ತೂತಿಗೆ ಎರಡು ವೈರ್ ತುರುಕಿದ್ದರು, ಸ್ಕ್ರೂ ಬೆರಳಲ್ಲೇ ತಿರುಗಿತು. ತಾಮ್ರ ಕಪ್ಪಾಗಿದೆ. ಮೇಲಿನ ಕೆಂಪು ಹೊದಿಕೆ ಎರಡು ಇಂಚಿನಷ್ಟು ಗಟ್ಟಿಯಾಗಿ, ಬಗ್ಗಿಸಿದರೆ ಹಪ್ಪಳದ ಹಾಗೆ ಮುರಿಯುತ್ತದೆ. ಅರ್ತ್ ವೈರ್ ತೆಳ್ಳಗೆ, 1 ಸ್ಕ್ವೇರ್ ಎಂಎಂ. ಆರ್‌ಸಿಸಿಬಿ ಇದೆ: 40 ಆಂಪ್ಸ್, 30 ಮಿಲಿ ಆಂಪ್ಸ್.

ಉತ್ತರ (ಶಿವಮೊಗ್ಗ)

ವಾಸನೆ ಅಲ್ಲಿಂದಲೇ. ಮೇಲಿನ ಗೀಸರಿನ ಕರೆಂಟೂ ಆ ಸಡಿಲ ಸ್ಕ್ರೂ ದಾಟಿಯೇ ಹೋಗಬೇಕಿತ್ತು. ಸಡಿಲ ಜಾಗ ಕಾಯುತ್ತದೆ, ಕಾದಷ್ಟೂ ಇನ್ನೂ ಸಡಿಲವಾಗುತ್ತದೆ. ಇದನ್ನು ಯಾವ ಎಂಸಿಬಿಯೂ ಹಿಡಿಯುವುದಿಲ್ಲ, ಕರೆಂಟ್ ಜಾಸ್ತಿ ಆಗುವುದಿಲ್ಲವಲ್ಲ.

ಲೂಪ್ ಕಿತ್ತುಹಾಕಿಸಿ. ಒಂದು ಗೀಸರಿಗೆ ಒಂದು ಲೈನ್, ನೇರವಾಗಿ ಡಿಬಿಯಿಂದ. ಎರಡಕ್ಕೂ 2.5 ಸ್ಕ್ವೇರ್ ಎಂಎಂ ಸಾಕು, ಎರಡಕ್ಕೂ 16ರ ಎಂಸಿಬಿ. ಗೀಸರಿಗೆ ಬಿ ಕರ್ವ್ ಎಂಸಿಬಿ ಸಾಕಾಗುತ್ತದೆ; ಬಿ, ಸಿ ಎಂದರೆ ಆನ್ ಮಾಡಿದಾಗಿನ ದಿಢೀರ್ ಕರೆಂಟನ್ನು ಎಷ್ಟು ತಡೆಯುತ್ತದೆ ಎಂಬ ಬಗೆ. ಅಂಗಡಿಯಲ್ಲಿ ಸಿ ಸಿಕ್ಕಿದರೆ ಅದೇ ಇರಲಿ, ಅದಕ್ಕಾಗಿ ಊರೆಲ್ಲ ಅಲೆಯಬೇಡಿ. ಅರ್ತ್ ವೈರ್ ಮಾತ್ರ ಹಸಿರು 2.5ರದ್ದೇ ಎಳೆಸಿ. ಎಲ್ಲರೂ ದುಡ್ಡು ಉಳಿಸುವುದು ಅಲ್ಲೇ, ಉಳಿಸಬಾರದ್ದೂ ಅಲ್ಲೇ. ನಲ್ಲಿ ಪೈಪಿಗೆ ಅರ್ತ್ ಕಟ್ಟುತ್ತೇನೆ ಎಂದರೆ ಒಪ್ಪಬೇಡಿ.

ಮೇಸ್ತ್ರಿ 3/20 ವೈರ್ ಎಂದರೆ ಗಾಬರಿ ಬೇಡ, ಅದು ಹಳೇ ಗೇಜ್ ಲೆಕ್ಕ, 20 ಗೇಜಿನ ಮೂರು ಎಳೆ. ಆದರೆ ಗುಣಿಸಿ ನೋಡಿದರೆ 3/20 ಎಂದರೆ 2 ಸ್ಕ್ವೇರ್ ಎಂಎಂ ಅಷ್ಟೇ. ಅಂಗಡಿಯಲ್ಲಿ 2.5 ಎಂದೇ ಕೇಳಿ ತನ್ನಿ.

ಮೇಲಿನ ಬಚ್ಚಲು ಡಿಬಿಯಿಂದ 20 ಮೀಟರ್ ಇದೆ ಎಂದುಕೊಳ್ಳೋಣ. 2.5ರ ವೈರಿನಲ್ಲಿ ಮೀಟರಿಗೆ, ಆಂಪ್ಸಿಗೆ 18 ಮಿಲಿವೋಲ್ಟ್ ಇಳಿಯುತ್ತದೆ. 8.7 ಆಂಪ್ಸಿಗೆ ಒಟ್ಟು 3 ವೋಲ್ಟ್ ಚಿಲ್ಲರೆ. ಇದಕ್ಕಾಗಿ ದಪ್ಪ ವೈರ್ ಬೇಕಿಲ್ಲ. ಮುಂದೆ 4.5 ಕಿಲೋವ್ಯಾಟ್ ಇನ್‌ಸ್ಟಂಟ್ ತರುವ ಯೋಚನೆ ಇದ್ದರೆ ಬೇರೆ ಮಾತು. ಅದು 19.6 ಆಂಪ್ಸ್. ಅದಕ್ಕೆ 4 ಸ್ಕ್ವೇರ್ ಎಂಎಂ ವೈರ್, 25ರ ಎಂಸಿಬಿ, ಪ್ಲಗ್ ಇಲ್ಲದೆ ನೇರ ಕನೆಕ್ಷನ್. 16 ಆಂಪ್ಸ್ ಪ್ಲಗ್ಗಿಗೆ ಅದನ್ನು ಹಾಕುವ ಹಾಗೇ ಇಲ್ಲ.

ಎರಡೂ ಗೀಸರಿಗೆ ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುವ ಡಬಲ್ ಪೋಲ್ ಸ್ವಿಚ್ಚನ್ನು ಬಚ್ಚಲ ಬಾಗಿಲ ಹೊರಗೆ ಹಾಕಿಸಿ. ಬಲ್ಬು, ಎಕ್ಸಾಸ್ಟ್ ಫ್ಯಾನ್ ಬೇರೆ ಲೈನಿನಲ್ಲಿರಲಿ: 1.5ರ ವೈರ್, 6ರ ಎಂಸಿಬಿ. ಗೀಸರ್ ಲೈನ್ ಬಿದ್ದಾಗ ಕಣ್ಣಿಗೆ ಸೋಪು ಹಾಕಿಕೊಂಡು ಕತ್ತಲಲ್ಲಿ ನಿಲ್ಲುವುದು ಬೇಡ ಅಲ್ವಾ. ಕರೆಂಟ್ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟಿದೆ ಎಂದೂ ನೋಡಿ. 3 ಕಿಲೋವ್ಯಾಟ್ ಇದ್ದರೆ ಜಾಸ್ತಿ ಮಾಡಿಸಲು ಅರ್ಜಿ ಕೊಡಿ, ಗೀಸರ್‌ಗಳೇ 5 ಆಗುತ್ತವೆ.

ಪ್ರಶ್ನೆ ಕೇಳಿದವರು (ಆರು ದಿನದ ನಂತರ)

ಬೇರೆ ಎಲೆಕ್ಟ್ರಿಷಿಯನ್ ಕರೆಸಿ ಹೊಸ ಲೈನ್ ಎಳೆಸಿದೆವು. ಕೆಳಗಿನದು ಸರಿಯಾಗಿದೆ. ಮೇಲಿನ ಗೀಸರ್ ಸ್ವಿಚ್ ಒತ್ತಿದ ಕೂಡಲೇ ಆರ್‌ಸಿಸಿಬಿ ಬಿದ್ದು ಮನೆಯೆಲ್ಲ ಕತ್ತಲು. ಬೋರ್ ನೀರಿಗೆ ಕಾಯಿಲ್ ಹೋಗಿದೆ, ಇಲ್ಲದಿದ್ದರೆ ಆರ್‌ಸಿಸಿಬಿಯನ್ನೇ ತೆಗೆದುಬಿಡೋಣ ಎನ್ನುತ್ತಿದ್ದಾರೆ.

ಉತ್ತರ (ಶಿವಮೊಗ್ಗ)

ತೆಗೆಯಲು ಬಿಡಬೇಡಿ. ಒದ್ದೆ ಮೈಗೆ ಕರೆಂಟ್ ತಗುಲಿದಾಗ ಜೀವ ಉಳಿಸುವುದು ಅದೇ. ಬೋರ್ ನೀರಿನ ಉಪ್ಪು ಕಟ್ಟಿ ಕಾಯಿಲ್ ಒಡೆಯುವುದು ನಿಜ. ಆದರೆ ಹಳೇ ಲೈನಿನಲ್ಲಿ ಇದೇ ಗೀಸರ್ ಇದೇ ಆರ್‌ಸಿಸಿಬಿಯನ್ನು ಬೀಳಿಸಿರಲಿಲ್ಲ.

ಗೀಸರ್ ಪ್ಲಗ್ ಕಿತ್ತು, ಆ ಸಾಕೆಟ್ಟಿಗೆ 60 ವ್ಯಾಟಿನ ಹಳೇ ಬಲ್ಬ್ ಹಾಕಿ ನೋಡಿ. ಬಲ್ಬಿಗೂ ಬಿದ್ದರೆ ಗೀಸರ್ ತಪ್ಪಿಲ್ಲ. ಆಗ ಡಿಬಿಯಲ್ಲಿ ಹೊಸ ಲೈನಿನ ಕಪ್ಪು (ನ್ಯೂಟ್ರಲ್) ವೈರ್ ಎಲ್ಲಿಗೆ ಹೋಗಿದೆ ಎಂದು ಎಲೆಕ್ಟ್ರಿಷಿಯನ್ ಹತ್ತಿರ ನೋಡಿಸಿ.

ಪ್ರಶ್ನೆ ಕೇಳಿದವರು

ಬಲ್ಬಿಗೂ ಬಿತ್ತು! ನ್ಯೂಟ್ರಲ್ ಲಿಂಕಿನಲ್ಲಿ (ಎಲ್ಲ ನ್ಯೂಟ್ರಲ್ ವೈರ್ ಸೇರುವ ಪಟ್ಟಿ) ಖಾಲಿ ಸ್ಕ್ರೂ ಇರಲಿಲ್ಲವಂತೆ. ಅದಕ್ಕೆ ಆ ಕಪ್ಪು ವೈರನ್ನು ಆರ್‌ಸಿಸಿಬಿಯ ಮೇಲುಗಡೆ, ಮೀಟರಿನಿಂದ ಬರುವ ನ್ಯೂಟ್ರಲ್ ಜೊತೆ ಸೇರಿಸಿದ್ದರು.

ಉತ್ತರ (ಶಿವಮೊಗ್ಗ)

ಅದೇ. ಆರ್‌ಸಿಸಿಬಿ ಎಂದರೆ ಬಾಗಿಲಲ್ಲಿ ಕೂತು ಹೋದವರೆಷ್ಟು, ಬಂದವರೆಷ್ಟು ಎಂದು ಎಣಿಸುವವನ ಹಾಗೆ. ಫೇಸ್ ಅದರ ಮೂಲಕ ಹೋಯಿತು, ನ್ಯೂಟ್ರಲ್ ಹಿತ್ತಲಿನಿಂದ ವಾಪಸ್ ಬಂತು. 30 ಮಿಲಿ ಆಂಪ್ಸ್ ವ್ಯತ್ಯಾಸಕ್ಕೇ ಬೀಳುವ ಸಾಮಾನು ಅದು. 60 ವ್ಯಾಟಿನ ಬಲ್ಬ್ ಅಂದರೆ 260. ಲಿಂಕ್ ದೊಡ್ಡದು ಹಾಕಿಸಿ, ಕಪ್ಪು ವೈರನ್ನು ಆರ್‌ಸಿಸಿಬಿ ಕೆಳಗಿನ ನ್ಯೂಟ್ರಲ್ಲಿಗೆ ತರಿಸಿ.

ಪ್ರಶ್ನೆ ಕೇಳಿದವರು

ಹಾಗೇ ಮಾಡಿದರು, ಈಗ ನಿಂತಿದೆ. ಕ್ಲಾಂಪ್ ಮೀಟರಿನಲ್ಲಿ ಕೆಳಗಿನದು 12.7, ಮೇಲಿನದು 8.5 ತೋರಿಸಿತು. ವೋಲ್ಟೇಜ್ 224 ಇತ್ತು. ಎರಡೂ ಅರ್ಧ ಗಂಟೆ ಒಟ್ಟಿಗೆ ಓಡಿಸಿದೆವು. ಕೆಳಗಿನ ಹೊಸ ಸಾಕೆಟ್ ಸ್ವಲ್ಪ ಬೆಚ್ಚಗಿದೆ, ಅಷ್ಟೇ. ಇಷ್ಟು ಬೆಚ್ಚಗಾಗುವುದು ಸರಿಯಾ?

ಉತ್ತರ (ಶಿವಮೊಗ್ಗ)

13 ಆಂಪ್ಸ್ ಹೋಗುವ ಕಡೆ ಅಷ್ಟು ಬೆಚ್ಚಗೆ ಇದ್ದೇ ಇರುತ್ತದೆ. ಕೈ ಇಡಲಾಗದಷ್ಟು ಆದರೆ ಮಾತ್ರ ಬರೆಯಿರಿ. ಒಂದು ತಿಂಗಳಾದ ಮೇಲೆ ಮೇನ್ ಆಫ್ ಮಾಡಿಸಿ, ಡಿಬಿಯ ಮತ್ತು ಸಾಕೆಟ್ಟಿನ ಸ್ಕ್ರೂಗಳನ್ನೆಲ್ಲ ಒಂದು ಸುತ್ತು ಬಿಗಿ ಮಾಡಿಸಿ. ಹೊಸದರಲ್ಲಿ ಅವು ಸ್ವಲ್ಪ ಸಡಿಲವಾಗುತ್ತವೆ. ಅವತ್ತೇ ಆರ್‌ಸಿಸಿಬಿಯ ಟೆಸ್ಟ್ ಬಟನ್ನನ್ನೂ ಒತ್ತಿ ನೋಡಿ.