ಹೆಂಡದ ಹನಿ ಮುಟ್ಟದವರಿಗೂ ಫ್ಯಾಟಿ ಲಿವರ್

ಶಂಕರ ಚಿಕ್ಕಪ್ಪ (ಫಾರ್ವರ್ಡ್): ಲಿವರ್ ಕೊಬ್ಬು 21 ದಿನದಲ್ಲಿ ಮಾಯ! ಬೆಳಗ್ಗೆ ಖಾಲಿ ಹೊಟ್ಟೆಗೆ ಅಮೃತಬಳ್ಳಿ ರಸ, ನಿಂಬೆಹುಳಿ, ಎರಡು ಚಮಚ ಜೇನು. ಕುಡಿತದ ಚಟ ಇಲ್ಲದವರು ಹೆದರಬೇಕಿಲ್ಲ. ಎಲ್ಲರಿಗೂ ಕಳಿಸಿ 🙏

ಸರೋಜತ್ತೆ: ಒಳ್ಳೆಯದಾಯಿತು ಶಂಕರ. ಹಿತ್ತಲಲ್ಲೇ ಬಳ್ಳಿ ಇದೆ, ನಾಳೆಯಿಂದ ಇವರಿಗೆ ಶುರು ಮಾಡುತ್ತೇನೆ.

ವಿನಯ್: ಅತ್ತೆ, ಬೇಡ. ಮಾವನಿಗೆ ಶುಗರ್ ಇದೆ, ಅದರ ಮೇಲೆ ಜೇನು ಬೇರೆಯಾ? ಚಿಕ್ಕಪ್ಪ, ಆ ಕುಡಿತದ ಮಾತು ಪೂರ್ತಿ ತಪ್ಪು. ನಾನು ಒಂದು ಹನಿ ಮುಟ್ಟಿದವನಲ್ಲ. ಹೋದ ತಿಂಗಳ ಸ್ಕ್ಯಾನಿಂಗ್‌ನಲ್ಲಿ ಫ್ಯಾಟಿ ಲಿವರ್ ಗ್ರೇಡ್ 2 ಅಂತ ಬಂದಿದೆ. ಅಮ್ಮನಿಗೆ ಮಾತ್ರ ಹೇಳಿದ್ದೆ.

ಶಂಕರ ಚಿಕ್ಕಪ್ಪ: ನಿನಗಾ? ಕುಡಿಯದೆ ಲಿವರ್ ಹೇಗಪ್ಪಾ ಕೆಡುತ್ತದೆ?

ವಿನಯ್: ದಿನಕ್ಕೆ ಹತ್ತು ಗಂಟೆ ಕುರ್ಚಿಯಲ್ಲಿ ಇರುತ್ತೇನೆ. ರಾತ್ರಿ ಹತ್ತೂವರೆಗೆ ಆರ್ಡರ್ ಮಾಡಿದ ಊಟ, ಜೊತೆಗೆ ಕೋಲಾ, ತಿಂದ ತಕ್ಷಣ ನಿದ್ದೆ. ನಾಲ್ಕು ವರ್ಷದಲ್ಲಿ 12 ಕೆಜಿ ಏರಿದೆ. ಇಷ್ಟೇ ಸಾಕಂತೆ.

ಲತಕ್ಕ: ಚಿಕ್ಕಪ್ಪ, ಬೇಜಾರು ಮಾಡಿಕೊಳ್ಳಬೇಡಿ, ಆದರೆ ಇದನ್ನು ಹೇಳಲೇಬೇಕು. ನಮ್ಮ ಮನೆಯ ತಟ್ಟೆಯನ್ನೇ ನೋಡಿ. ಬೆಳಗ್ಗೆ ಚಿತ್ರಾನ್ನ ಅಥವಾ ದೋಸೆ, ಮಧ್ಯಾಹ್ನ ಸಾರನ್ನ, ಕೊನೆಗೆ ಮಜ್ಜಿಗೆ ಅನ್ನ, ಸಂಜೆ ಟೀ ಜೊತೆ ಬೇಕರಿ ಬನ್ನು, ರಾತ್ರಿ ಮತ್ತೆ ಅನ್ನ. ಪಲ್ಯ ಎರಡು ಚಮಚ. ಅಜ್ಜ ಅಷ್ಟೇ ಅನ್ನ ಉಂಡರೂ ಇಡೀ ದಿನ ಗದ್ದೆಯಲ್ಲಿ ಇರುತ್ತಿದ್ದರು, ಅದು ಖರ್ಚಾಗುತ್ತಿತ್ತು. ನಾವು ಉಂಡು ಟಿವಿ ಮುಂದೆ ಕೂರುತ್ತೇವೆ. ಖರ್ಚಾಗದೆ ಉಳಿದ ಸಕ್ಕರೆ, ಪಿಷ್ಟವನ್ನು ಲಿವರ್ ಕೊಬ್ಬು ಮಾಡಿ ತನ್ನಲ್ಲೇ ಇಟ್ಟುಕೊಳ್ಳುತ್ತದೆ. ಲಿವರಿನ ತೂಕದ 5%ಗಿಂತ ಜಾಸ್ತಿ ಕೊಬ್ಬಾದರೆ ಅದೇ ಫ್ಯಾಟಿ ಲಿವರ್. ಇನ್ನು ಟೀ. ನಾಲ್ಕು ಸಲ, ಎರಡೆರಡು ಚಮಚ, ಅಲ್ಲಿಗೆ ಎಂಟು ಚಮಚ ಸಕ್ಕರೆ. ದಿನಕ್ಕೆ 25 ಗ್ರಾಂ, ಅಂದರೆ ಸುಮಾರು ಆರು ಚಮಚದೊಳಗಿದ್ದರೆ ಒಳ್ಳೆಯದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಸರೋಜತ್ತೆ: ನಾನು ಬೆಲ್ಲ ಹಾಕುವುದು ಲತಾ.

ಲತಕ್ಕ: ಲಿವರಿಗೆ ಬೆಲ್ಲ, ಜೇನು, ಸಕ್ಕರೆ ಎಲ್ಲಾ ಹೆಚ್ಚುಕಮ್ಮಿ ಒಂದೇ ಅತ್ತೆ.

ಶಂಕರ ಚಿಕ್ಕಪ್ಪ: ಇದು ದಪ್ಪಗಿರುವವರ ಕಥೆ. ನಾನು 64 ಕೆಜಿ, ಲಿವರಿನ ರಕ್ತಪರೀಕ್ಷೆ ಎಸ್‌ಜಿಪಿಟಿ ನಾರ್ಮಲ್.

ವಿನಯ್: ಎಸ್‌ಜಿಪಿಟಿ ನಾರ್ಮಲ್ ಇದ್ದರೂ ಕೊಬ್ಬು ಇರಬಹುದು ಚಿಕ್ಕಪ್ಪ. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ ಇರುವವರು ನಮ್ಮಲ್ಲಿ ತುಂಬಾ ಜನ. ಟೇಪ್ ಹಿಡಿದು ನೋಡಿ, ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ದಾಟಬಾರದು. ಈ ಕಾಯಿಲೆಯ ಇಂಗ್ಲಿಷ್ ಹೆಸರನ್ನೇ 2023ರಲ್ಲಿ ಬದಲಾಯಿಸಿದರು. ಹಳೆಯ ಹೆಸರು ಕುಡಿತದಿಂದ ಬಂದದ್ದಲ್ಲ ಎಂದಷ್ಟೇ ಹೇಳುತ್ತಿತ್ತು. ಈಗ ಶುಗರ್, ಬಿಪಿ, ಬೊಜ್ಜಿನ ಜೊತೆ ಬರುವ ಕಾಯಿಲೆ ಎನ್ನುವುದು ಹೆಸರಿನಲ್ಲೇ ಇದೆ. ಹಾಗಂತ ಕುಡಿಯಬಹುದು ಅಂತಲ್ಲ, ಕೊಬ್ಬಿರುವ ಲಿವರಿಗೆ ಹೆಂಡ ಇನ್ನೂ ಕೆಟ್ಟದ್ದು.

ಶಂಕರ ಚಿಕ್ಕಪ್ಪ: ಸರಿ. ಆದರೆ ಅಮೃತಬಳ್ಳಿ ಏನು ಮಾಡಿತು?

ಲತಕ್ಕ: ಕೋವಿಡ್ ಸಮಯದಲ್ಲಿ ಅದನ್ನು ದಿನಾ ತೆಗೆದುಕೊಂಡ ಕೆಲವರಿಗೆ ಲಿವರಿಗೇ ಪೆಟ್ಟು ಬಿದ್ದಿದ್ದನ್ನು ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದ್ದಾರೆ.

ಶಂಕರ ಚಿಕ್ಕಪ್ಪ: ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಅದನ್ನೂ ಹೇಳು.

ಲತಕ್ಕ: ಹೌದು, ಒಪ್ಪಲಿಲ್ಲ. ಆದರೂ ಡಾಕ್ಟರನ್ನು ಕೇಳದೆ ಮಾವನಿಗೆ ಕೊಡುವುದು ಬೇಡ. ಲಿವರ್ ತೊಳೆಯುವ ರಸ ಅಂತ ಯಾವುದೂ ಇಲ್ಲ ಚಿಕ್ಕಪ್ಪ. ಕೊಬ್ಬು ಇಳಿಯುವುದು ಮೈತೂಕ ನಿಧಾನವಾಗಿ ಇಳಿದಾಗ. 80 ಕೆಜಿ ಇರುವವರು ನಾಲ್ಕು ಕೆಜಿ ಇಳಿಸಿದರೂ ಕೊಬ್ಬು ಕಮ್ಮಿಯಾಗುತ್ತದೆ, ಆರರಿಂದ ಎಂಟು ಇಳಿಸಿದರೆ ಲಿವರಿನ ಊತವೂ ತಗ್ಗಬಹುದು. ಉಪವಾಸ ಬಿದ್ದು ದಿಢೀರ್ ಇಳಿಸಬಾರದು. ವಾರಕ್ಕೆ 150 ನಿಮಿಷ ಚುರುಕಾಗಿ ನಡೆದರೆ ತೂಕ ಅಷ್ಟಾಗಿ ಇಳಿಯದಿದ್ದರೂ ಲಿವರಿಗೆ ಲಾಭವಿದೆ.

ಸರೋಜತ್ತೆ: ನನ್ನ ಕಾಫಿಯನ್ನೂ ಬಿಡಿಸುತ್ತೀಯಾ?

ಲತಕ್ಕ: ಇಲ್ಲ ಅತ್ತೆ! ಕಾಫಿ ಕುಡಿಯುವವರಲ್ಲಿ ಲಿವರ್ ಗಾಯಗೊಂಡು ಗಟ್ಟಿಯಾಗುವ ತೊಂದರೆ ಕಮ್ಮಿ ಅಂತ ಕಂಡುಬಂದಿದೆ. ಬೆಲ್ಲ ಮಾತ್ರ ಬೇಡ.

ಸರೋಜತ್ತೆ: ಬಳ್ಳಿ ಕೀಳುವುದಿಲ್ಲ ಬಿಡು. ವಿನಯ್, ಈ ವಾರ ಊರಿಗೆ ಬಾ, ಮುದ್ದೆ, ಬಸ್ಸಾರು ಮಾಡುತ್ತೇನೆ. ಪಲ್ಯ ಜಾಸ್ತಿ ಬಡಿಸುತ್ತೇನೆ.

ಶಂಕರ ಚಿಕ್ಕಪ್ಪ: ಟೇಪ್ ಹಿಡಿದೆ. 97 ಇದೆ. ಲತಾ, ಆ ಸ್ಕ್ಯಾನಿಂಗಿಗೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕಾ?