ಅಪ್‌ಡೇಟ್: ಬೇಸ್ ಗಿಟಾರಿನಲ್ಲಿ ಆಕ್ಟೇವ್ ಪೆಡಲ್ ತೊದಲುವುದು ನಿಂತಿತು

ಬೇಸ್‌ನ ಅತಿ ದಪ್ಪ ತಂತಿಯಾದ ಇ ತಂತಿಯ ತಗ್ಗಿನ ಸ್ವರಗಳಲ್ಲಿ ನನ್ನ ಆಕ್ಟೇವ್ ಪೆಡಲ್ (ನುಡಿಸಿದ ಸ್ವರಕ್ಕೆ ಒಂದು ಆಕ್ಟೇವ್ ಕೆಳಗಿನ, ಅಂದರೆ ಅರ್ಧ ಕಂಪನಾಂಕದ ಸ್ವರ ಕೊಡುವ ಪೆಡಲ್) ಗೊರಗೊರ ಅಂತ ತೊದಲುತ್ತದೆ ಎಂದು ಕೇಳಿದ್ದೆನಲ್ಲ, ಈಗ ಸರಿಹೋಗಿದೆ. ಪೆಡಲನ್ನು ಡಿಸ್ಟಾರ್ಷನ್‌ಗಿಂತ (ಸದ್ದನ್ನು ಒರಟಾಗಿಸುವ ಪೆಡಲ್) ಮೊದಲು ಇಡಿ, ನೆಕ್ ಪಿಕಪ್ (ಗಿಟಾರಿನ ಕುತ್ತಿಗೆ ಕಡೆಯ, ತಂತಿಯ ಕಂಪನ ಹಿಡಿಯುವ ಭಾಗ) ಬಳಸಿ, ಗಿಟಾರಿನ ಟೋನ್ ನಾಬ್ ಇಳಿಸಿ ಅಂದವರಿಗೆ ಥ್ಯಾಂಕ್ಸ್. ಅರ್ಧ ಕಾಯಿಲೆ ಅಲ್ಲೇ ವಾಸಿಯಾಯಿತು. ಹೊಸ ತಂತಿ, ಹೊಸ ಅಡಾಪ್ಟರ್‌ನಿಂದ ಏನೂ ಆಗಲಿಲ್ಲ, ಸುಮ್ನೆ ದುಡ್ಡು ಹೋಯಿತು.

ಉಳಿದರ್ಧ ಲೆಕ್ಕದ ವಿಷಯ. ಖಾಲಿ ಇ (ಬೆರಳೊತ್ತದೆ ಮೀಟಿದ ಇ ತಂತಿ) ಸುಮಾರು 41 ಹರ್ಟ್ಸ್. ಅದರ ಕೆಳಗಿನ ಆಕ್ಟೇವ್ 20ರ ಹತ್ತಿರ. ನಮ್ಮ ಕಿವಿಗೇ ಅದು ಕಷ್ಟ, ನನ್ನ ಪುಟ್ಟ ಆಂಪ್‌ಗೆ ಆಗುತ್ತಾ? ಈಗ ಎ ತಂತಿಯ 7ನೇ ಫ್ರೆಟ್‌ನಲ್ಲಿ (ಮನೆಯಲ್ಲಿ) ಒಂದು ಆಕ್ಟೇವ್ ಮೇಲಿನ ಇ ಹಿಡಿಯುತ್ತೇನೆ. ಪೆಡಲ್ ಅದೇ 41 ಹರ್ಟ್ಸ್ ಕೊಡುತ್ತದೆ, ಸಿಂಥ್ ತರ ದಪ್ಪಗೆ. ಪಕ್ಕದ ತಂತಿಗಳನ್ನು ಮಾತ್ರ ಬೆರಳಿನಿಂದ ಒತ್ತಿ ಸುಮ್ಮನಿರಿಸಬೇಕು. ಎರಡು ಸ್ವರ ಒಟ್ಟಿಗೆ ಬಂದರೆ ಮತ್ತೆ ಗೊರಗೊರ ಶುರು.